ಒಂದೇ ಹೆಸರಿನ ನಾಲ್ಕು ಬಾಟಲಿಗಳು

(ಸಂಘದ ವಾರ್ಷಿಕೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ರಸಾಯನಶಾಸ್ತ್ರದ ಬಗ್ಗೆ ಮಕ್ಕಳಿಗೆ ಅರ್ಥವಾಗುವಂತೆ ಏನಾದರೂ ಹೇಳಿ ಎಂದು ಕಾರ್ಯದರ್ಶಿಗಳು ಕೇಳಿಕೊಂಡರು. ನಾನು ಆಯ್ದುಕೊಂಡ ವಿಷಯ ಕೇಳಿ ಅವರಿಗೆ ಸ್ವಲ್ಪ ಆಶ್ಚರ್ಯವಾಯಿತು. ಸೆಂಟಿನ ಬಗ್ಗೆ ಉಪನ್ಯಾಸವೇ ಎಂದರು. ಆದರೆ ತರಗತಿಯ ಹೊರಗೆ ಹುಡುಗರು ನನ್ನಲ್ಲಿ ಅತಿ ಹೆಚ್ಚು ಕೇಳುವ ರಸಾಯನಶಾಸ್ತ್ರದ ಪ್ರಶ್ನೆ ಇದೇ. "ಸರ್, ಒಂದೇ ಹೆಸರಿನಲ್ಲಿ ನಾಲ್ಕು ಬಾಟಲಿ ಇವೆ. ಯಾವುದು ಸ್ಟ್ರಾಂಗ್?" ಕರಾವಳಿಯಲ್ಲಂತೂ ಗಲ್ಫ್‌ನಿಂದ ರಜೆಗೆ ಬರುವ ಅಣ್ಣನಿಗೆ ತಮ್ಮಂದಿರು ಕಳಿಸುವ ಪಟ್ಟಿಯಲ್ಲಿ ಒಂದು ಬಾಟಲಿ ಇದ್ದೇ ಇರುತ್ತದೆ. ಆ ಬಾಟಲಿಯ ಹಿಂದೆ ಬಿಸಿಲಲ್ಲಿ ದುಡಿದ ಎಷ್ಟೋ ದಿನಗಳ ಸಂಪಾದನೆ ಇದೆ. ಅದನ್ನು ಲೇಬಲ್ ನೋಡಿ ಕಣ್ಣುಮುಚ್ಚಿ ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಬಾಟಲಿಯಲ್ಲಿರುವುದು ಮುಖ್ಯವಾಗಿ ಮೂರು ವಸ್ತು: ಸುಗಂಧ ತೈಲಗಳ ಮಿಶ್ರಣ, ಅದನ್ನು ಕರಗಿಸುವ ಆಲ್ಕೋಹಾಲ್, ಸ್ವಲ್ಪ ನೀರು. ತೈಲದ ಪಾಲು ಶೇ. 2ರಿಂದ 5 ಇದ್ದರೆ ಅದನ್ನು ಓ ಡಿ ಕಲೋನ್ ಎನ್ನುವುದು ರೂಢಿ. ಶೇ. 5ರಿಂದ 15 ಇದ್ದರೆ ಓ ಡಿ ಟಾಯ್ಲೆಟ್, 15ರಿಂದ 20 ಇದ್ದರೆ ಓ ಡಿ ಪರ್ಫಮ್, ಅದಕ್ಕೂ ಮೇಲೆ ಬರೀ ಪರ್ಫಮ್. (ಟಾಯ್ಲೆಟ್ ಎಂದ ಕೂಡಲೇ ಹಿಂದಿನ ಬೆಂಚಿನವರು ನಗುತ್ತಿದ್ದೀರಿ. ಫ್ರೆಂಚಿನಲ್ಲಿ ಅದರ ಮೂಲಾರ್ಥ ಚಿಕ್ಕ ಬಟ್ಟೆ. ಶೃಂಗಾರದ ಮೇಜಿನ ಮೇಲೆ ಹಾಸುತ್ತಿದ್ದ ಬಟ್ಟೆಯಿಂದ ಅಲಂಕಾರ ಮಾಡಿಕೊಳ್ಳುವುದಕ್ಕೇ ಆ ಹೆಸರು ಬಂತು. ಶೌಚಾಲಯಕ್ಕೆ ಬಂದದ್ದು ಬಹಳ ತಡವಾಗಿ. ಕಲೋನ್ ಎಂಬುದು ಜರ್ಮನಿಯ ಒಂದು ಊರು; ಫರೀನಾ ಎಂಬ ಇಟಾಲಿಯನ್ ಮನೆತನದವರು ಅಲ್ಲಿ 1709ರಲ್ಲಿ ಈ ವ್ಯಾಪಾರ ಆರಂಭಿಸಿದರು.)

ರೂಢಿ ಎಂಬ ಪದವನ್ನು ಗಮನಿಸಿ. ಈ ಶೇಕಡಾವಾರುಗಳನ್ನು ಯಾವ ಕಾನೂನೂ ನಿಗದಿ ಮಾಡಿಲ್ಲ. ಒಂದು ಕಂಪನಿಯ ಟಾಯ್ಲೆಟ್‌ನಲ್ಲಿ ಇನ್ನೊಂದು ಕಂಪನಿಯ ಪರ್ಫಮ್‌ನಷ್ಟೇ ತೈಲ ಇರಬಹುದು. ಬಾಟಲಿಯ ಮೇಲೆ ತೈಲ ಎಷ್ಟು ಎಂದು ಬರೆದಿರುವುದಿಲ್ಲ. ಹಲವು ಬಾಟಲಿಗಳ ಮೇಲೆ '80% ವಾಲ್ಯೂಮ್' ಎಂಬಂತಹ ಅಂಕಿ ಕಾಣುತ್ತದಲ್ಲ, ಅದು ಆಲ್ಕೋಹಾಲಿನ ಪ್ರಮಾಣ. ಉಳಿದ 20 ಪೂರ್ತಿ ಸುಗಂಧವೇ ಎಂದು ತಿಳಿಯಬೇಡಿ. ಅದರಲ್ಲಿ ನೀರೂ ಸೇರಿದೆ.

ಈಗ ಒಂದು ನಿಜವಾದ ಉದಾಹರಣೆಗೆ ಬರೋಣ. ನೀವೆಲ್ಲರೂ ಹೆಸರು ಕೇಳಿರುವ ಪುರುಷರ ಸುಗಂಧ, ಫ್ರಾನ್ಸಿನ ಡಿಯೋರ್ ಕಂಪನಿಯ 'ಸೊವಾಜ್'. ಇದೇ ಕಂಪನಿ 1966ರಲ್ಲಿ ಹೊರತಂದ 'ಓ ಸೊವಾಜ್' ಬೇರೆ, ಇದು ಬೇರೆ. ಹಳೆಯದನ್ನು ರಚಿಸಿದವರು ಎಡ್ಮಂಡ್ ರುಡ್ನಿಟ್‌ಸ್ಕಾ. ಮಲ್ಲಿಗೆಯ ಪರಿಮಳವನ್ನು ನೆನಪಿಸುವ ಹೆಡಿಯೋನ್ ಎಂಬ ಅಣುವನ್ನು ಅದರಲ್ಲಿ ಬಳಸಿ ಹೆಸರು ಮಾಡಿದರು. ಎಷ್ಟೋ ಜನ ಒಂದನ್ನು ಕೇಳಿ ಇನ್ನೊಂದನ್ನು ತಂದಿದ್ದಾರೆ. ಹೊಸ ಸೊವಾಜ್ ಫ್ರಾನ್ಸ್ವಾ ದೆಮಾಶಿ ಅವರ ರಚನೆ. 2015ರಲ್ಲಿ ಟಾಯ್ಲೆಟ್, 2018ರಲ್ಲಿ ಓ ಡಿ ಪರ್ಫಮ್, 2019ರಲ್ಲಿ ಪರ್ಫಮ್, 2021ರಲ್ಲಿ ಎಲಿಕ್ಸಿರ್ ಬಂದವು. ನಾಲ್ಕೂ ಕಡುನೀಲಿ, ಕಪ್ಪು ಬಣ್ಣದ ಬಾಟಲಿಗಳು; ಅಂಗಡಿಯ ಬೆಳಕಿನಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಸಾಮಾನ್ಯ ನಂಬಿಕೆ ಏನು? ಇವು ಒಂದೇ ಶರಬತ್ತು. ಒಂದರಲ್ಲಿ ನೀರು ಹೆಚ್ಚು, ಇನ್ನೊಂದರಲ್ಲಿ ಸಕ್ಕರೆ ಹೆಚ್ಚು ಎಂಬುದು. ಹಾಗಿದ್ದರೆ ಎಲಿಕ್ಸಿರ್‌ಗೆ ಆಲ್ಕೋಹಾಲ್ ಬೆರೆಸಿದರೆ ಟಾಯ್ಲೆಟ್ ಸಿಗಬೇಕಿತ್ತು. ಎಷ್ಟು ಬೆರೆಸಿದರೂ ಸಿಗುವುದಿಲ್ಲ. ಟಾಯ್ಲೆಟ್‌ನಲ್ಲಿ ಮುಂದೆ ನಿಲ್ಲುವುದು ಬರ್ಗಮಾಟ್ ಮತ್ತು ಮೆಣಸು. ಬರ್ಗಮಾಟ್ ಎಂದರೆ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯದಲ್ಲಿ ಬೆಳೆಯುವ, ನಮ್ಮ ಹೇರಳೆಕಾಯಿಯ ದೂರದ ಬಂಧು ಎನ್ನಬಹುದಾದ ಹುಳಿ ಹಣ್ಣು. ಓ ಡಿ ಪರ್ಫಮ್‌ನಲ್ಲಿ ಅದೇ ಬರ್ಗಮಾಟ್ ಹಿಂದೆ ಸರಿದು ವೆನಿಲ್ಲಾ ಮುಂದೆ ಬರುತ್ತದೆ. ಪರ್ಫಮ್‌ನಲ್ಲಿ ಗಂಧದ ಮರದ ನುಣುಪು ಹೆಚ್ಚು. ಎಲಿಕ್ಸಿರ್ ಮೂಸಿದರೆ ದಾಲ್ಚಿನ್ನಿ, ಜಾಯಿಕಾಯಿ, ಏಲಕ್ಕಿ, ಲ್ಯಾವೆಂಡರ್, ಜ್ಯೇಷ್ಠಮಧು. ಬಿರಿಯಾನಿಯ ಮಸಾಲೆ ಡಬ್ಬಿ ತೆರೆದಂತೆ ಎಂದು ನನ್ನ ಮಗಳು ಹೇಳಿದಳು. ಅವಳ ಮಾತು ಅಷ್ಟೇನೂ ತಪ್ಪಲ್ಲ. ಇವು ಒಂದೇ ಮನೆಯ ನಾಲ್ಕು ಬೇರೆ ಅಡುಗೆಗಳು. ಸಾಂದ್ರತೆಯ ಹೆಸರು ಹೊತ್ತಿವೆ, ಆದರೆ ಅವುಗಳ ವ್ಯತ್ಯಾಸ ಕೇವಲ ಸಾಂದ್ರತೆಯದಲ್ಲ.

ಯಾಕೆ ಹೀಗೆ ಮಾಡುತ್ತಾರೆ? ವ್ಯಾಪಾರದ ಕಾರಣ ಇದ್ದೇ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಣುಗಳಿಗೆ ಸಂಬಂಧಿಸಿದ ಕಾರಣವೂ ಇದೆ. ಪಿ.ಯು. ವಿದ್ಯಾರ್ಥಿಗಳು ಇಲ್ಲಿ ಕಿವಿಗೊಡಿ. ವಾಸನೆ ಬರಬೇಕಾದರೆ ಅಣು ಚರ್ಮದಿಂದ ಎದ್ದು ಗಾಳಿಯಲ್ಲಿ ಹಾರಿ ಮೂಗು ಸೇರಬೇಕು. ಬರ್ಗಮಾಟಿನಲ್ಲಿ ಹೇರಳವಾಗಿರುವ ಲಿಮೊನೀನ್‌ನ ಅಣುತೂಕ 136. ಅದು ಹಗುರ, ಬೇಗ ಹಾರುತ್ತದೆ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಅದರ ಆಟ ಮುಗಿಯುತ್ತದೆ. ಸೊವಾಜ್‌ಗೆ ಬೆನ್ನೆಲುಬಿನಂತಿರುವುದು ಆಂಬ್ರಾಕ್ಸನ್ ಎಂಬ ಅಣು, ತೂಕ 236. ಒಂದು ಕಾಗದದ ಪಟ್ಟಿಗೆ ಹಚ್ಚಿಟ್ಟರೆ ದಿನಗಟ್ಟಲೆ ಉಳಿಯುತ್ತದೆ. ಹಿಂದೆ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗಿ ಸಮುದ್ರದಲ್ಲಿ ತೇಲಿ ಬರುತ್ತಿದ್ದ ಅಂಬರ್‌ನಿಂದ ಈ ಪರಿಮಳ ಸಿಗುತ್ತಿತ್ತು. ಅಂಬರ್ ಎಂಬ ಹೆಸರು ನಮ್ಮ ಅತ್ತರಿನ ಅಂಗಡಿಗಳಿಗೆ ಹೊಸದಲ್ಲ. ಈಗ ಕ್ಲಾರಿ ಸೇಜ್ ಎಂಬ ಗಿಡದ ಸ್ಕ್ಲಾರಿಯೋಲ್‌ನಿಂದ, ಇತ್ತೀಚೆಗೆ ಸಕ್ಕರೆಯನ್ನು ಹುದುಗಿಸಿ ಪಡೆದ ವಸ್ತುವಿನಿಂದಲೂ, ಕಾರ್ಖಾನೆಯಲ್ಲೇ ತಯಾರಾಗುತ್ತದೆ. ತಿಮಿಂಗಿಲಕ್ಕೆ ನೆಮ್ಮದಿ.

ತೂಕ ಹೆಚ್ಚಿದ್ದರೆ ಮಾತ್ರ ನಿಧಾನ ಎಂದು ಬಾಯಿಪಾಠ ಮಾಡಬೇಡಿ. ವೆನಿಲಿನ್‌ನ ಅಣುತೂಕ ಕೇವಲ 152, ಲಿಮೊನೀನ್‌ಗಿಂತ ಅಷ್ಟೇನೂ ಹೆಚ್ಚಲ್ಲ. ಆದರೂ ಅದು ಗಂಟೆಗಟ್ಟಲೆ ಅಂಟಿಕೊಂಡಿರುತ್ತದೆ. ಅದರಲ್ಲಿರುವ ಆಮ್ಲಜನಕದ ಗುಂಪುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪರೀಕ್ಷೆಗೆ ನಾಲ್ಕು ಅಂಕಕ್ಕೆ ಓದುವ ಹೈಡ್ರೋಜನ್ ಬಂಧ ಇದೇ.

ಈಗ ಯೋಚಿಸಿ. ಸಂಜೆವರೆಗೆ ಉಳಿಯುವ ಸುಗಂಧ ಬೇಕು ಎಂದರೆ ತೈಲವನ್ನು ಎರಡು ಪಟ್ಟು ಮಾಡಿದರೆ ಸಾಲದು. ಬರ್ಗಮಾಟನ್ನು ಎಷ್ಟು ಸುರಿದರೂ ಅದು ಹಾರಿಯೇ ಹೋಗುತ್ತದೆ. ನಿಧಾನವಾಗಿ ಹಾರುವ ವಸ್ತುಗಳ ಪಾಲು ಹೆಚ್ಚಾಗಬೇಕು. ಅವು ಹೆಚ್ಚಾದರೆ ಪರಿಮಳದ ಸ್ವಭಾವವೇ ಬದಲಾಗುತ್ತದೆ. ತಾಜಾತನ ಕಡಿಮೆಯಾಗಿ ಸಿಹಿ, ಮರ, ಮಸಾಲೆ ಹೆಚ್ಚಾಗುತ್ತವೆ. ಹೆಚ್ಚು ಬಾಳಿಕೆಗೆ ಕೊಡಬೇಕಾದ ಬೆಲೆ ಹಣ ಮಾತ್ರವಲ್ಲ, ಮೊದಲು ಮೆಚ್ಚಿದ ಆ ತಾಜಾತನವೂ ಹೌದು. ಟಾಯ್ಲೆಟ್ ಮೂಸಿ ಮನಸೋತು, "ಇದರಲ್ಲೇ ಸ್ಟ್ರಾಂಗ್ ಇರುವುದು ಕೊಡಿ" ಎಂದು ಎಲಿಕ್ಸಿರ್ ಕೊಂಡವನು ಮನೆಗೆ ಬಂದು ನಿರಾಶನಾಗುವುದು ಇದಕ್ಕೇ.

ಇನ್ನು ನಮ್ಮ ಮೂಗು. ಅದು ತಕ್ಕಡಿಯಂತೆ ಕೆಲಸ ಮಾಡುವುದಿಲ್ಲ. ಗಾಳಿಯಲ್ಲಿ ವಾಸನೆಯ ಅಣುಗಳು ಎರಡು ಪಟ್ಟಾದರೆ ನಮಗೆ ಎರಡು ಪಟ್ಟು ವಾಸನೆ ಬಾರದು. ಹೆಚ್ಚೆಂದರೆ ಒಂದೂವರೆ ಪಟ್ಟು, ಎಷ್ಟೋ ಸಲ ಅದಕ್ಕೂ ಕಡಿಮೆ. ಜೊತೆಗೆ ಒಂದೇ ವಾಸನೆ ಸ್ವಲ್ಪ ಹೊತ್ತು ಮೂಗಿಗೆ ತಾಗುತ್ತಿದ್ದರೆ ಮೆದುಳು ಅದನ್ನು ಲೆಕ್ಕದಿಂದ ಕೈಬಿಡುತ್ತದೆ. ಹಚ್ಚಿಕೊಂಡವನಿಗೆ "ಹೋಯಿತು" ಅನ್ನಿಸುತ್ತದೆ, ಪಕ್ಕದವನಿಗೆ ತಲೆನೋವು ಬಂದಿರುತ್ತದೆ. ಅವನು ಮತ್ತೆ ನಾಲ್ಕು ಸಲ ಒತ್ತುತ್ತಾನೆ. ಮುಚ್ಚಿದ ತರಗತಿಯಲ್ಲಿ, ಮೇ ತಿಂಗಳ ಮಂಗಳೂರು ಬಸ್ಸಿನಲ್ಲಿ ಇದರ ಫಲ ಉಣ್ಣುವವರು ಉಳಿದವರು. ಅವರಲ್ಲಿ ಒಬ್ಬರಿಗೆ ಆಸ್ತಮಾ ಇರಬಹುದು. ಸೆಖೆ ಹೆಚ್ಚಿದಷ್ಟೂ ಅಣುಗಳು ಬೇಗ ಏಳುತ್ತವೆ. ಹಾಗಾಗಿ ಚಳಿ ದೇಶದವರು ಎಲಿಕ್ಸಿರ್ ಬಗ್ಗೆ ಬರೆದ ಹೊಗಳಿಕೆಯನ್ನು ಕಲಬುರಗಿಯ ಬೇಸಿಗೆಗೆ ಹಾಗೆಯೇ ಅನ್ವಯಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಕಾಲೇಜಿಗೆ ಹೋಗುವವನಿಗೆ ಟಾಯ್ಲೆಟ್ ಸಾಕು, ಅದೂ ಎರಡು ಸಲ ಒತ್ತಿದರೆ. ಎಲಿಕ್ಸಿರ್ ಡಿಸೆಂಬರ್ ರಾತ್ರಿಯ ಮದುವೆಗೆ.

ಹಣದ ಲೆಕ್ಕವನ್ನೂ ಮಾಡೋಣ. ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿ ಹೊರಬರುತ್ತದೆ. 100 ಮಿಲಿಯ ಬಾಟಲಿ ಅಂದರೆ ಸುಮಾರು ಸಾವಿರ ಒತ್ತು. ಲೆಕ್ಕಕ್ಕಾಗಿ 100 ಮಿಲಿ ಟಾಯ್ಲೆಟ್‌ಗೆ ಹತ್ತು ಸಾವಿರ ರೂಪಾಯಿ, 60 ಮಿಲಿ ಎಲಿಕ್ಸಿರ್‌ಗೆ ಹದಿನೈದು ಸಾವಿರ ಎಂದಿಟ್ಟುಕೊಳ್ಳಿ. ಒಂದು ಒತ್ತಿಗೆ ಹತ್ತು ರೂಪಾಯಿ ಮತ್ತು ಇಪ್ಪತ್ತೈದು ರೂಪಾಯಿ ಆಯಿತು. ಟಾಯ್ಲೆಟ್ ನಾಲ್ಕು ಸಲ ಒತ್ತುವವನೂ ಎಲಿಕ್ಸಿರ್ ಒಂದೂವರೆ ಸಲ ಒತ್ತುವವನೂ ದಿನಕ್ಕೆ ಖರ್ಚು ಮಾಡುವುದು ಹೆಚ್ಚುಕಡಿಮೆ ಒಂದೇ. ದುಬಾರಿಯಾಗುವುದು ಯಾರಿಗೆಂದರೆ, ಎಲಿಕ್ಸಿರ್ ಕೊಂಡು ಟಾಯ್ಲೆಟ್‌ನಂತೆ ನಾಲ್ಕು ಸಲ ಒತ್ತುವವನಿಗೆ.

"ಇದೆಲ್ಲ ಯಾಕೆ, ನಮಗೆ ಅತ್ತರ್ ಇದೆಯಲ್ಲ, ಅದು ನೂರಕ್ಕೆ ನೂರು" ಎಂದು ಹಿರಿಯರು ಹೇಳಬಹುದು. ಅತ್ತರ್ ನನಗೂ ಪ್ರೀತಿಯದೇ. ಕನ್ನೌಜಿನಲ್ಲಿ ಇಂದಿಗೂ ತಾಮ್ರದ ದೇಗ್‌ನಲ್ಲಿ ಗುಲಾಬಿಯನ್ನೋ ಲಾವಂಚವನ್ನೋ ನೀರಿನೊಡನೆ ಕಾಯಿಸಿ, ಆ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಭಪ್ಕಾ ಎಂಬ ಪಾತ್ರೆಗೆ ಇಳಿಸುತ್ತಾರೆ. ಭಪ್ಕಾದಲ್ಲಿ ಮೊದಲೇ ಇಟ್ಟಿರುತ್ತಿದ್ದದ್ದು ಗಂಧದೆಣ್ಣೆ. ನಮ್ಮ ಮೈಸೂರು ಸೀಮೆಯ ಗಂಧಕ್ಕೆ ಅಷ್ಟು ಬೆಲೆ ಬಂದದ್ದರಲ್ಲಿ ಇದರ ಪಾಲೂ ಇದೆ. ಗಂಧ ತನ್ನ ಪರಿಮಳ ಕೊಡುವುದಲ್ಲದೆ ಹಾರಿಹೋಗುವ ಗುಲಾಬಿಯನ್ನೂ ಹಿಡಿದಿಡುತ್ತದೆ. ಆದರೆ ಗಂಧದೆಣ್ಣೆ ದುಬಾರಿಯಾದ ಮೇಲೆ ಅದರ ಜಾಗದಲ್ಲಿ ದ್ರವ ಪ್ಯಾರಾಫಿನ್, ಡಿ.ಓ.ಪಿ. ಎಂಬ ವಾಸನೆಯಿಲ್ಲದ ದ್ರಾವಕಗಳು ಬಂದವು. ಆದ್ದರಿಂದ 'ಆಲ್ಕೋಹಾಲ್ ಇಲ್ಲ' ಎಂಬ ಚೀಟಿಗೆ 'ಪೂರ್ತಿ ಸುಗಂಧ' ಎಂಬ ಅರ್ಥವಿಲ್ಲ. ಆಲ್ಕೋಹಾಲಿನ ಬದಲು ಇನ್ನೊಂದು ದ್ರಾವಕ ಇರಬಹುದು, ಅದರ ಪ್ರಮಾಣವನ್ನೂ ಯಾರೂ ಬರೆದಿರುವುದಿಲ್ಲ. ಐವತ್ತು ರೂಪಾಯಿಗೆ ಅಸಲಿ ಗುಲಾಬಿ ಅತ್ತರ್ ಸಿಗಲು ಸಾಧ್ಯವಿಲ್ಲ. ಒಂದು ಕಿಲೋ ಗುಲಾಬಿ ತೈಲಕ್ಕೆ ಟನ್ನುಗಟ್ಟಲೆ ಹೂ ಬೇಕು.

ಆಲ್ಕೋಹಾಲ್ ಇರುವ ಸುಗಂಧವನ್ನು ಬಳಸಬಹುದೇ ಎಂಬುದನ್ನು ಉಲಮಾಗಳಲ್ಲಿ ಕೇಳಿ. ನಾನು ಬರೀ ರಸಾಯನಶಾಸ್ತ್ರದ ಮೇಷ್ಟ್ರು. ಒಂದು ಮಾಹಿತಿ ಮಾತ್ರ ಕೊಡಬಲ್ಲೆ: 2024ರಲ್ಲಿ ಇದೇ ಸೊವಾಜ್ ಹೆಸರಿನಲ್ಲಿ 'ಓ ಫೋರ್ಟ್' ಎಂಬ, ಆಲ್ಕೋಹಾಲ್ ಇಲ್ಲದ, ನೀರನ್ನೇ ಆಧಾರವಾಗಿಸಿಕೊಂಡ ಐದನೆಯ ಬಾಟಲಿ ಬಂದಿದೆ. ಅದನ್ನು ರಚಿಸಿದವರು ಫ್ರಾನ್ಸಿಸ್ ಕುರ್ಕ್‌ಜಿಯಾನ್. ನೀರಿನಲ್ಲಿ ಎಣ್ಣೆ ಕರಗುವುದಿಲ್ಲ ಎಂದು ನಾವು ಹೈಸ್ಕೂಲಿನಲ್ಲಿ ಕಲಿಸುತ್ತೇವೆ. ಸೂಕ್ಷ್ಮ ಹನಿಗಳಾಗಿ ಒಡೆದು ಹಾಲಿನಂತೆ ಹರಡಿ ನಿಲ್ಲಿಸಬಹುದು ಎಂದು ಮುಂದಿನ ತರಗತಿಯಲ್ಲಿ ಕಲಿಸುತ್ತೇವೆ. ಆ ದ್ರವ ನೋಡಲು ಹಾಲಿನ ಛಾಯೆಯಲ್ಲಿರುವುದು ಅದಕ್ಕೇ. ಇಂಥ ಕೆಲಸದಲ್ಲಿ ಆಸಕ್ತಿ ಇರುವವರು ಬಾಟಲಿ ಕೊಳ್ಳುವುದರಲ್ಲೇ ನಿಲ್ಲಬೇಡಿ. ಕನ್ನೌಜಿನಲ್ಲಿ 1991ರಿಂದ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರವಿದೆ, ಅಲ್ಲಿ ತರಬೇತಿಗಳು ನಡೆಯುತ್ತವೆ. ಬಿ.ಎಸ್ಸಿ. ಮುಗಿಸಿ ಲ್ಯಾಬ್ ಟೆಕ್ನೀಷಿಯನ್ ಕೆಲಸ ಒಂದೇ ದಾರಿ ಎಂದುಕೊಂಡಿರುವ ನಮ್ಮ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಇದನ್ನು ಯಾರೂ ಹೇಳಿರುವುದಿಲ್ಲ.

ಕೊಳ್ಳುವವರು ಹೀಗೆ ಮಾಡಿ. ಅಂಗಡಿಯಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಮೂಸಬೇಡಿ, ಮೂಗು ದಣಿಯುತ್ತದೆ. ಎರಡು ಕಾಗದದ ಪಟ್ಟಿಗಳ ಹಿಂದೆ ಪೆನ್ಸಿಲಿನಿಂದ ಹೆಸರು, ಗಂಟೆ ಬರೆಯಿರಿ. ಪೆನ್ನಿನ ಶಾಯಿಗೂ ವಾಸನೆ ಇರುತ್ತದೆ. ಐದು ನಿಮಿಷಕ್ಕೆ, ಒಂದು ಗಂಟೆಗೆ, ಮಗ್ರಿಬ್ ಹೊತ್ತಿಗೆ ಮತ್ತೆ ಮೂಸಿ. ಇಷ್ಟವಾದುದನ್ನು ಇನ್ನೊಂದು ದಿನ ಮಣಿಕಟ್ಟಿಗೆ ಹಚ್ಚಿ ನೋಡಿ. ಲಿಮೊನೀನ್, ಲಿನಲೂಲ್, ಕೂಮರಿನ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಅವುಗಳ ಹೆಸರು ಡಬ್ಬದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿ, ಬ್ರಾಂಡಿನ ಹೆಸರಿನ ಜೊತೆಗೆ ಯಾವ ಸಾಂದ್ರತೆ, ಎಷ್ಟು ಮಿಲಿ ಎಂಬುದನ್ನೂ ಬರೆಸಿ. ತಂದ ಬಾಟಲಿಯನ್ನು ಕಿಟಕಿಯ ಬಿಸಿಲಿನಲ್ಲಿ ಇಡದೆ, ಡಬ್ಬದ ಸಮೇತ ಕಪಾಟಿನೊಳಗಿಡಿ.