ಜರಡಿಯ ಕಣ್ಣು: ತೊಮೊಕೊ ಓಹ್ತಾ ಅವರ ವಿಜ್ಞಾನ



ಮಹಿಳಾ ವಿಜ್ಞಾನಿ ಎಂದೊಡನೆ ಆಕೆ ಪಟ್ಟ ಪಾಡನ್ನು ಒಂದು ಗಂಟೆ ಬಣ್ಣಿಸಿ, ಮಾಡಿದ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸುವ ರೂಢಿ ನಮ್ಮ ಸಭೆಗಳಲ್ಲಿದೆ. ಇವತ್ತು ಅದನ್ನು ತಿರುವುಮುರುವು ಮಾಡುತ್ತೇನೆ.

ತೊಮೊಕೊ ಓಹ್ತಾ ಹುಟ್ಟಿದ್ದು 1933ರಲ್ಲಿ, ಜಪಾನಿನ ಐಚಿ ಪ್ರಾಂತ್ಯದಲ್ಲಿ. ಟೋಕಿಯೊದಲ್ಲಿ ಕೃಷಿವಿಜ್ಞಾನ ಓದಿ, ಗೋಧಿ ಮತ್ತು ಸಕ್ಕರೆ ಬೀಟಿನ ಕ್ರೋಮೋಸೋಮುಗಳ ಮೇಲೆ ಕೆಲಸ ಮಾಡಿದರು. 1966ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿ, ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯಲ್ಲಿ ಮೊಟೊ ಕಿಮುರಾ ಅವರ ಬಳಗ ಸೇರಿದರು.

ಆ ಹೊತ್ತಿಗೆ ಅಲ್ಲೊಂದು ಬಾಂಬು ಸಿದ್ಧವಾಗುತ್ತಿತ್ತು. ಅಣುಮಟ್ಟದಲ್ಲಿ ನೆಲೆಯೂರುವ ಬದಲಾವಣೆಗಳಲ್ಲಿ ಬಹುಪಾಲು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಅವು ಉಳಿಯುವುದು ಬರೀ ಆಕಸ್ಮಿಕದಿಂದ ಎಂದು 1968ರಲ್ಲಿ ಕಿಮುರಾ ಸಾರಿದರು. ಡಾರ್ವಿನ್ ಪಂಥದವರು ಕೆಂಡಾಮಂಡಲವಾದರು. ಓಹ್ತಾ ಗುರುವಿನ ಪಕ್ಷದಲ್ಲೇ ನಿಂತರು, ಆದರೆ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ. ಒಳಿತು, ಕೆಡುಕು, ತಟಸ್ಥ ಎಂಬ ಮೂರೇ ಖಾನೆಗಳೇ? ತುಸುವೇ ಕೆಟ್ಟದ್ದನ್ನು ಎಲ್ಲಿಡುವುದು?

ನಿಸರ್ಗದ ಆಯ್ಕೆಯನ್ನು ಜರಡಿ ಎನ್ನೋಣ. ಅದರ ಕಣ್ಣಿನ ಅಳತೆ ಎಲ್ಲರಿಗೂ ಒಂದೇ ಅಲ್ಲ, ಜೀವಿಗಳ ಸಂಖ್ಯೆಯನ್ನು ಅನುಸರಿಸಿರುತ್ತದೆ ಎಂಬುದು ಓಹ್ತಾ ಕಂಡ ಸತ್ಯ. ಕೋಟ್ಯಂತರ ಇರುವಲ್ಲಿ ಕಣ್ಣು ಸಣ್ಣದು; ತುಸು ಕೆಟ್ಟ ಬದಲಾವಣೆಯೂ ಸಿಕ್ಕಿಬೀಳುತ್ತದೆ. ಕೆಲವೇ ಸಾವಿರ ಇರುವಲ್ಲಿ ಆಕಸ್ಮಿಕದ್ದೇ ಆಳ್ವಿಕೆ. ಅದೇ ಬದಲಾವಣೆ ನುಸುಳಿ ವಂಶದಲ್ಲಿ ನೆಲೆಸಬಹುದು. 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ವಾದ ಅಚ್ಚಾಯಿತು. ತಟಸ್ಥಪ್ರಾಯ ಸಿದ್ಧಾಂತವೆಂದರೆ ಇದೇ.

ಇದರಿಂದ ಬಿಡಿಸಿದ ಒಂದು ಗಂಟು ನನಗೆ ಬಲು ಇಷ್ಟ. ಇಲಿಗೆ ವರ್ಷಕ್ಕೆ ಹಲವು ತಲೆಮಾರು, ಆನೆಯ ಒಂದು ತಲೆಮಾರಿಗೇ ಹಲವು ವರ್ಷ. ತಲೆಮಾರಿಗಿಷ್ಟು ಎಂದು ಬದಲಾವಣೆ ಹುಟ್ಟುವುದಾದರೆ ಇಲಿಯ ಪ್ರೋಟೀನುಗಳು ಓಡಬೇಕು, ಆನೆಯವು ತೆವಳಬೇಕು. ಲೆಕ್ಕ ನೋಡಿದರೆ ವರ್ಷಕ್ಕೆ ಇಬ್ಬರದೂ ಹೆಚ್ಚುಕಡಿಮೆ ಒಂದೇ ವೇಗ! ಓಹ್ತಾ ಉತ್ತರ: ಇಲಿಗೆ ತಲೆಮಾರು ಹೆಚ್ಚು ನಿಜ, ಸಂಖ್ಯೆಯೂ ಹೆಚ್ಚು, ಹಾಗಾಗಿ ಹುಟ್ಟಿದ್ದರಲ್ಲಿ ಸೋಸಿಹೋಗುವುದೂ ಹೆಚ್ಚು. ಆನೆಯಲ್ಲಿ ಹುಟ್ಟುವುದು ಕಡಿಮೆ, ನುಸುಳುವ ಪಾಲು ಜಾಸ್ತಿ. ಒಂದು ಇನ್ನೊಂದನ್ನು ತೂಗಿಸುತ್ತದೆ.

ಕಿಮುರಾ ಇದನ್ನು ಪೂರ್ತಿ ಒಪ್ಪಲಿಲ್ಲ. ಶುದ್ಧ ತಟಸ್ಥ ವಾದದ ಕಡೆಗೇ ಅವರ ಒಲವು. ಅದೇ ಸಂಸ್ಥೆಯಲ್ಲಿ, ಅದೇ ಹಿರಿಯರ ಎದುರು, ವರ್ಷಗಟ್ಟಲೆ ತನ್ನ ಮಾತಿಗೆ ಅಂಟಿಕೊಂಡಿರುವುದು ಸುಲಭವಲ್ಲ. ಪಾಡಿನ ಕತೆ ಬೇಕೆಂದವರು ಇಷ್ಟನ್ನೇ ಇಟ್ಟುಕೊಳ್ಳಿ.

ಓಹ್ತಾ ಸಿದ್ಧಾಂತದ ಪರೀಕ್ಷೆಗೆ ಡಿಎನ್‌ಎ ಮಾಹಿತಿ ಬೇಕಿತ್ತು, 1973ರಲ್ಲಿ ಅದು ಎಲ್ಲಿತ್ತು? ಅದು ಕೈಗೆ ಬಂದಮೇಲೆ, 1995ರಲ್ಲಿ ಓಹ್ತಾ ಸಸ್ತನಿಗಳ 49 ಜೀನುಗಳನ್ನು ಹೋಲಿಸಿದರು. ಪ್ರೋಟೀನನ್ನು ಮುಟ್ಟದ ಬದಲಾವಣೆಗಳಲ್ಲಿ ಇಲಿ ಜಾತಿಯವು ವಾನರ ಜಾತಿಯವಕ್ಕಿಂತ ಬಹಳ ಮುಂದೆ ಓಡಿದ್ದವು. ಪ್ರೋಟೀನನ್ನು ತಿದ್ದುವ ಬದಲಾವಣೆಗಳಲ್ಲಿ ಆ ಅಂತರ ಕುಗ್ಗಿತ್ತು. ಸಿದ್ಧಾಂತ ಕೇಳಿದ್ದೂ ಅದನ್ನೇ.

2015ರಲ್ಲಿ ಸ್ವೀಡನ್ನಿನ ಕ್ರಾಫೂರ್ಡ್ ಪ್ರಶಸ್ತಿಯನ್ನು ಅವರು ರಿಚರ್ಡ್ ಲೆವೊಂಟಿನ್ ಜೊತೆ ಹಂಚಿಕೊಂಡರು. ಆಗ ಓಹ್ತಾಗೆ ಎಂಬತ್ತು ದಾಟಿತ್ತು. ಕಿಮುರಾ 1994ರಲ್ಲೇ ತೀರಿಕೊಂಡಿದ್ದರು. ಆ 49 ಜೀನುಗಳ ಲೆಕ್ಕವನ್ನು ಅವರ ಮುಂದಿಟ್ಟು ಮತ್ತೊಮ್ಮೆ ವಾದಿಸುವ ಅವಕಾಶ ಶಿಷ್ಯೆಗೆ ಸಿಗಲಿಲ್ಲ.