ಪರಭಾಷೆಯ ಪಾಠ ಕಟ್ಟಿದವರು



ಪರಭಾಷೆಯ ಕೋರ್ಸ್ ಎಂದಕೂಡಲೇ ನಮಗೆ ನೆನಪಾಗುವುದು ಇಂಗ್ಲಿಷು. ಆದರೆ ನಮ್ಮ ಸೀಮೆಯಲ್ಲಿ ಈ ಕಥೆ ಉಲ್ಟಾ ಶುರುವಾಗಿದೆ. ಆಗ ಪರಭಾಷೆಯಾಗಿದ್ದದ್ದು ಕನ್ನಡ, ವಿದ್ಯಾರ್ಥಿಗಳಾಗಿದ್ದವರು ಯುರೋಪಿನವರು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಮುಟ್ಟಿದರು. ಆ ಹೊತ್ತಿಗೆ ವಿಲಿಯಂ ಕೇರಿ 1817ರಲ್ಲಿ ಸೆರಾಂಪುರದಲ್ಲಿ ಅಚ್ಚು ಹಾಕಿಸಿದ ಕನ್ನಡ ವ್ಯಾಕರಣವಿತ್ತು, 1820ರ ಮೆಕೆರೆಲ್ ವ್ಯಾಕರಣವಿತ್ತು, ರೀವ್ ಸಾಹೇಬರ ನಿಘಂಟೂ ಇತ್ತು. ಆದರೆ ವ್ಯಾಕರಣ ಬೇರೆ, ಕೋರ್ಸ್ ಬೇರೆ. ಸಪ್ತಮಿ ವಿಭಕ್ತಿ ಗೊತ್ತಿದ್ದವನಿಗೆ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಲು ಬಾಯಿ ಬರುತ್ತದೆಂದು ಹೇಳಲಾಗದು. ಆ ಕೊರತೆಯನ್ನು ತುಂಬುತ್ತಿದ್ದವನು ಮುನ್ಷಿ. ದೊರೆಯ ಎದುರು ಕೂತು, ತಪ್ಪು ತಿದ್ದಿ, ಮತ್ತೆ ಹೇಳಿಸುವುದು ಅವನ ಕೆಲಸ. ಅದೇ ಮಿಶನ್ನಿನಿಂದ 1853ರಲ್ಲಿ ಬಂದ ಕಿಟೆಲ್ ಅವರ 1894ರ ನಿಘಂಟನ್ನು ನಾವು ಕೊಂಡಾಡುತ್ತೇವೆ. ಹೆಸರೂ ಉಳಿಯದ ಮುನ್ಷಿಗಳಿಗೆ ಅದರಲ್ಲಿ ಒಂದು ಪಾಲು ಸಲ್ಲಬೇಕೆಂಬುದು ನನ್ನ ಲೆಕ್ಕ.

ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪುಸ್ತಕ ನೋಡಲು 1914ಕ್ಕೆ ಬರೋಣ. ಹೆರಾಲ್ಡ್ ಸ್ಪೆನ್ಸರ್ ತಮ್ಮ ಕನ್ನಡ ವ್ಯಾಕರಣವನ್ನು ಕ್ರಮವಾಗಿ ಏರುವ ಅಭ್ಯಾಸಗಳ ಜೊತೆಗೇ ಬರೆದರು. ಇವತ್ತು ಇಷ್ಟು, ನಾಳೆ ಅದರ ಮೇಲೆ ಇನ್ನಿಷ್ಟು. 1958ರಲ್ಲಿ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಗ್ರಂಥದ ಕನ್ನಡ ಬಿಟ್ಟು ಜನರ ಬಾಯಿಯ ಕನ್ನಡ ಕಲಿಯುವವರಿಗೆ ಅದು ದಾರಿ ಮಾಡಿತು.

ಈಗ ಇಂಗ್ಲಿಷಿನ ಕಡೆ ಹೊರಳೋಣ. ಇಲ್ಲಿ ಇಂದಿನ ಹಾವೇರಿ ಜಿಲ್ಲೆಯ ಮನುಷ್ಯನೊಬ್ಬ ನಡುಮಧ್ಯೆ ನಿಂತಿದ್ದಾನೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ಆಗ ಅದು ನವಾಬರ ಸಂಸ್ಥಾನ. ಧಾರವಾಡದಲ್ಲಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಓದಿದ ಅವರು, ಹೈದರಾಬಾದಿನಲ್ಲಿ 1958ರಲ್ಲಿ ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಸಂಸ್ಥೆಯ ಮುಂದಿದ್ದ ತೊಡಕು ಮಕ್ಕಳದ್ದಲ್ಲ, ಮಾಸ್ತರರದ್ದು. ದೇಶದ ತುಂಬಾ ಇಂಗ್ಲಿಷ್ ಕಲಿಸುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಆ ಭಾಷೆಯಲ್ಲಿ ನಿರಾಳವಾಗಿ ಮಾತಾಡುವುದೇ ಕಷ್ಟವಿತ್ತು. ಅದಕ್ಕೇ ಕೋರ್ಸನ್ನು ಮೊದಲು ಮಾಸ್ತರರಿಗಾಗಿ ಕಟ್ಟಿದರು.

ಆ ಕಾಲದ ಪದ್ಧತಿಗೆ ರಚನಾ ಪದ್ಧತಿ ಎಂದು ಹೆಸರು. 1950ರ ದಶಕದಲ್ಲಿ ಮದ್ರಾಸಿನ ಕಡೆಯಿಂದ ಹಬ್ಬಿತು. ಭಾಷೆಯನ್ನು ವಾಕ್ಯದ ಅಚ್ಚುಗಳಾಗಿ ಒಡೆದು, ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚುವುದು. ಐವತ್ತು ದಾಟಿದ ಕೇಳುಗರಿಗೆ ನೆನಪಿರಬೇಕು: ಮಾಸ್ತರರು ಬಾಗಿಲ ಕಡೆ ಹೆಜ್ಜೆ ಹಾಕುತ್ತ, ‘ಐ ಆ್ಯಮ್ ಗೋಯಿಂಗ್ ಟು ದ ಡೋರ್’ ಅನ್ನುವರು, ಇಡೀ ವರ್ಗ ಕೂಗಿ ಹೇಳುವುದು. ಶಾಲೆ ಬಿಟ್ಟ ಮೇಲೆ ಆ ವಾಕ್ಯವನ್ನು ಯಾರಿಗಾದರೂ ಹೇಳುವ ಪ್ರಸಂಗ ಬಂದಿದ್ದರೆ ದಯವಿಟ್ಟು ಆಕಾಶವಾಣಿಗೆ ಕಾಗದ ಬರೆಯಿರಿ.

ಇಂಗ್ಲಿಷ್ ಮಾಸ್ತರರನ್ನು ತಯಾರು ಮಾಡಿದ ಅದೇ ಗೋಕಾಕರು ಶಾಲೆಯ ಭಾಷೆಗಳ ಕುರಿತ 1981ರ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಪ್ರಥಮ ಭಾಷೆಯಾಗಲಿ ಎಂದರು. ಇದನ್ನು ವಿರೋಧಾಭಾಸ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಪರಭಾಷೆಯ ಪಾಠ ಎಲ್ಲಿ ನಿಲ್ಲಬೇಕೆಂದು ಅದನ್ನು ಕಟ್ಟಿದವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಅದಕ್ಕೂ ಮುಂಚೆ, 1979ರಲ್ಲಿ, ಬೆಂಗಳೂರಿನಲ್ಲಿ ಇನ್ನೊಂದು ಪ್ರಯೋಗ ಹೊರಟಿತ್ತು. ಅದರ ಹಿಂದಿದ್ದವರು ಎನ್. ಎಸ್. ಪ್ರಭು. ಜಗತ್ತಿನ ಭಾಷಾಬೋಧಕರು ಅದನ್ನು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ಪ್ರಭು ವಾಕ್ಯಗಳ ಪಟ್ಟಿಯನ್ನೇ ಕಿತ್ತುಹಾಕಿದರು. ಅದರ ಜಾಗದಲ್ಲಿ ಕೆಲಸ ಬಂತು. ರೈಲಿನ ವೇಳಾಪಟ್ಟಿ ಕೊಡುವುದು, ನಕ್ಷೆ ಕೊಡುವುದು, ಲೆಕ್ಕ ಕೇಳುವುದು. ನಮ್ಮ ಊರಿಗೇ ಹಚ್ಚಿ ನೋಡಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ದಾರಿಯಲ್ಲಿವೆ. ಮಧ್ಯಾಹ್ನದೊಳಗೆ ಹರಿಹರ ಮುಟ್ಟಿ, ಸಂಜೆಗೆ ಬ್ಯಾಡಗಿಗೆ ಮರಳಲು ಯಾವ ಗಾಡಿ ಹಿಡಿಯಬೇಕು? ಮೊದಲು ಮಾಸ್ತರರು ಇಂಥದೇ ಒಂದನ್ನು ವರ್ಗದ ಜೊತೆ ಇಂಗ್ಲಿಷಿನಲ್ಲಿ ಬಿಡಿಸುವರು, ಆಮೇಲೆ ಹುಡುಗರು ತಾವೇ ಬಿಡಿಸಬೇಕು. ಅಂಕ ಸರಿಯಾದ ಉತ್ತರಕ್ಕೆ. ತಲೆ ಗಾಡಿಯ ಹಿಂದೆ ಓಡುವಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ದಕ್ಷಿಣದ ಬೇರೆ ಊರುಗಳ ಶಾಲೆಗಳಿಗೂ ಹಬ್ಬಿ, 1984ರವರೆಗೆ ನಡೆದ ಈ ಪ್ರಯೋಗದ ಪುಸ್ತಕ 1987ರಲ್ಲಿ ಬಂತು.

ಹೊರಗಿನ ಪರಿಣತರು ಪರೀಕ್ಷೆ ನಡೆಸಿದಾಗ ಉತ್ತರ ಎರಡು ಬಗೆಯಾಯಿತು. ರಚನೆಯ ಪ್ರಶ್ನೆಗಳಲ್ಲಿ ಹಳೆಯ ಪದ್ಧತಿಯ ಮಕ್ಕಳ ಕೈ ಮೇಲಾಯಿತು, ಕೆಲಸದ ಪ್ರಶ್ನೆಗಳಲ್ಲಿ ಹೊಸಬರದ್ದು. ನನ್ನ ಒಲವು ಹೊಸಬರ ಕಡೆ. ಕೋರ್ಸ್ ಕಟ್ಟುವವರು ಪುಸ್ತಕಕ್ಕಿಂತ ಮೊದಲು ಕಲಿಯುವವರ ಹೊಟ್ಟೆಪಾಡನ್ನು ನೋಡಲಿ.

ಉದಾಹರಣೆಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದರ ಡಬ್ಬಿ, ಕಡ್ಡಿ ಬಗೆಗಳಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಪರದೇಶಕ್ಕೆ ಹೋಗುತ್ತದೆ. ಮೆಣಸಿನಕಾಯಿಯ ಬಣ್ಣ ಅಳೆಯುವುದು ಅಮೆರಿಕದ ಸಂಬಾರ ವ್ಯಾಪಾರ ಸಂಘದ ಮಾಪನದಲ್ಲಿ. ಇಲ್ಲಿನ ಹುಡುಗನೊಬ್ಬನಿಗೆ ಇಂಗ್ಲಿಷೋ ಸ್ಪ್ಯಾನಿಷೋ ಕಲಿಸಬೇಕಾದರೆ ಮೊದಲ ಪಾಠಕ್ಕೆ ಪ್ರಯೋಗಾಲಯದ ಒಂದು ವರದಿ ಸಾಕು: ಬಣ್ಣ ಎಷ್ಟು, ತೇವ ಎಷ್ಟು. ಎರಡನೆಯದು, ದರ ಒಪ್ಪದಿದ್ದಾಗ ಸಿಟ್ಟು ತೋರಿಸದೆ ಇಲ್ಲವೆನ್ನುವುದು. ರಾಣೆಬೆನ್ನೂರಿನ ಬೀಜ ಬೆಳೆಯುವವರಿಗೆ ಈ ಪಾಠ ಹೊಂದುವುದಿಲ್ಲ. ಅವರಿಗೆ ಕ್ರಾಸಿಂಗ್, ಮೊಳಕೆಯ ಪ್ರಮಾಣ, ತಳಿಯ ಶುದ್ಧತೆ ಇವುಗಳ ಮಾತು ಬೇಕು. ವ್ಯಾಕರಣ ಬೇಡವೇ ಎಂದರೆ, ಬೇಕು. ‘ತೇವ ಇತ್ತು’ ಎನ್ನುವಲ್ಲಿ ‘ತೇವ ಇದೆ’ ಎಂದು ಬರೆದರೆ ಸರಕು ಬಂದರಿನಿಂದ ವಾಪಸಾಗಬಹುದು.