ಹಳೆಯ ಜೀಪು, ಹಸಿಯ ಮಣ್ಣು

(ಬೆಟ್ಟದೂರಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಅನೇಕ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಒಂದು ಹಳೆಯ ಜೀಪು ನಿಂತಿರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ಮೂಟೆ ಹೊತ್ತದ್ದು ಅದೇ. ಆಷಾಢದ ನಡುರಾತ್ರಿ ಹೆರಿಗೆ ನೋವು ಬಂದ ಹೆಂಗಸನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಈಗ ಅದರ ಮೇಲೆ ದರಕು ಬಿದ್ದಿದೆ, ಸೀಟಿನಡಿ ಕೋಳಿ ಮೊಟ್ಟೆಯಿಡುತ್ತದೆ. ಮನೆಯ ಹುಡುಗನಿಗೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕೆಂಬ ಆಸೆ. ಈ ಆಸೆ ಒಳ್ಳೆಯದೇ. ಆದರೆ ಕಟ್ಟುವುದು ಯಾವ ಕೆಲಸಕ್ಕಾಗಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗದಿದ್ದರೆ, ಹಣವೂ ಹೋಗುತ್ತದೆ, ಬೆಟ್ಟದ ಮಣ್ಣೂ ಹೋಗುತ್ತದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಗಾಡಿಯೊಂದನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಒದಗಿಸಿತು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ತಯಾರಿಸಿದವು. 1945ರಲ್ಲಿ ವಿಲ್ಲೀಸ್ ಕಂಪನಿ ಅದನ್ನೇ ಕೃಷಿಕರಿಗಾಗಿ ಬದಲಿಸಿ ಸಿಜೆ-2ಎ ಎಂಬ ಹೆಸರಿನಿಂದ ಮಾರಿತು. ಇದರ ಎಂಜಿನ್ನಿನ ಬಲದಿಂದ ಕೃಷಿಯಂತ್ರಗಳನ್ನು ತಿರುಗಿಸಲು ಪ್ರತ್ಯೇಕ ಜೋಡಣೆಯನ್ನೂ ಪಡೆಯಬಹುದಾಗಿತ್ತು. 1947ರಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಬಿಡಿಭಾಗಗಳನ್ನು ತರಿಸಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಸಿಜೆ-3ಬಿ ಮಾದರಿ ಇಲ್ಲಿಯೇ ತಯಾರಾಗಿ ದಶಕಗಳ ಕಾಲ ಓಡಿತು. ಮಲೆನಾಡಿನ ಕೊಟ್ಟಿಗೆಗಳಲ್ಲಿರುವುದು ಬಹುಪಾಲು ಈ ವಂಶದ ಗಾಡಿಗಳೇ. ಆದುದರಿಂದ ಜೀಪಿನ ಎರಡನೆಯ ಜನ್ಮ ಕೃಷಿಯದು ಎಂಬುದನ್ನು ಮರೆಯಬಾರದು.

ಇಂಥ ಗಾಡಿಯನ್ನು ಮನೆಯಲ್ಲಿಯೇ ದುರಸ್ತಿ ಮಾಡಲು ಸಾಧ್ಯವಾಗುವುದು ಅದರ ರಚನೆ ಸರಳವಾಗಿರುವುದರಿಂದ. ಏಣಿಯಂಥ ಉಕ್ಕಿನ ಚಾಸಿ, ಅದರ ಕೆಳಗೆ ಪಟ್ಟಿ ಸ್ಪ್ರಿಂಗುಗಳು, ಎರಡು ಗಟ್ಟಿ ಆಕ್ಸಲ್, ಮೇಲೆ ತಗಡಿನ ಒಡಲು. ಕಂಪ್ಯೂಟರ್ ಇಲ್ಲ. ಪಾನಾಗಳ ಒಂದು ಪೆಟ್ಟಿಗೆ, ಒಳ್ಳೆಯ ಜ್ಯಾಕ್, ಪೇಟೆಯಲ್ಲೊಂದು ಲೇತ್ ಅಂಗಡಿ, ಜೊತೆಗೆ ತಿಳಿದ ಮೇಸ್ತ್ರಿಯ ಸಲಹೆ ಇದ್ದರೆ ಮುಕ್ಕಾಲು ಕೆಲಸ ಅಂಗಳದಲ್ಲೇ ಆಗುತ್ತದೆ. ಆದರೆ ಕೇವಲ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಎಂದಿಗೂ ತೂರಬಾರದು. ಚಾಸಿಯ ಕೆಳಗೆ ಗಟ್ಟಿಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆ ಒಮ್ಮೆಲೇ ಪುಡಿಯಾಗುತ್ತದೆ. ಹಾಗೆಯೇ ಖಾಲಿಯಾದ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕಹೋಗಬಾರದು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ.

ಕೆಲಸದ ಕ್ರಮವೂ ಮುಖ್ಯ. ಹುಡುಗರು ಸಾಮಾನ್ಯವಾಗಿ ಎಂಜಿನ್ನಿನಿಂದ ಇಲ್ಲವೇ ಬಣ್ಣದಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಚಾಸಿಯಿಂದ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದರೆ ಗಟ್ಟಿ ಉಕ್ಕು ನಾದ ಕೊಡುತ್ತದೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಿಂಗ್ ಕೂರುವ ಕಡೆ ಮತ್ತು ಕೆಸರು ನಿಲ್ಲುವ ಮೂಲೆಗಳಲ್ಲಿ ಹೆಚ್ಚಿನ ಗಮನ ಬೇಕು. ಚಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ಮಾತ್ರ ಉಜ್ಜಬಾರದು, ಅದರ ಮೇಲೆ ಬೆಸುಗೆ ಹಾಕಬಾರದು. ಅದು ಅಳಿಸಿದರೆ ಗಾಡಿಯ ಗುರುತೇ ಹೋಗುತ್ತದೆ.

ಎರಡನೆಯದು ಬ್ರೇಕು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಎಣ್ಣೆ ಒದಗಿಸುವುದು ಒಂದೇ ಜಾಲ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಏಕಕಾಲಕ್ಕೆ ಹೋಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ಗಾಡಿಯ ಮೇಲೆ ಮಾಡಬಹುದಾದ ಸುಧಾರಣೆಗಳಲ್ಲೆಲ್ಲ ಶ್ರೇಷ್ಠವಾದದ್ದು ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಜಾಲ ಕೊಡುವ ಜೋಡಿ ಮಾಸ್ಟರ್ ಸಿಲಿಂಡರ್. ಇದನ್ನು ಮಾತ್ರ ಅನುಭವಿ ಮೇಸ್ತ್ರಿಯಿಂದಲೇ ಕೂರಿಸಬೇಕು.

ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್-3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು; ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಡ್ರಮ್ ಕಾದಾಗ ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಕೂರುತ್ತದೆ. ತಿಂಗಳುಗಟ್ಟಲೆ ಮಂಜು ಮಳೆಯಲ್ಲಿ ತೊಯ್ಯುವ ಊರಿನಲ್ಲಿ ಈ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನೊಳಗಿನ ಧೂಳನ್ನು ಬಾಯಿಯಿಂದಾಗಲೀ ಪಂಪಿನಿಂದಾಗಲೀ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆಯಿಡಬೇಕು. ಆ ಧೂಳು ಶ್ವಾಸಕೋಶದಲ್ಲಿ ದಶಕಗಳ ನಂತರ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಬಳಿಕ ಗೇರುಗಳು. ಸಿಜೆ-3ಬಿ ಜೀಪಿನ ಮೂಲ ಜೋಡಣೆಯಲ್ಲಿ ಮೊದಲ ಗೇರು ಎಂಜಿನ್ನಿನ ವೇಗವನ್ನು ಸುಮಾರು 2.8 ಪಟ್ಟು ತಗ್ಗಿಸುತ್ತದೆ. ಫೋರ್ ವೀಲ್ ಪೆಟ್ಟಿಗೆಯ ಲೋ ಗೇರು ಇನ್ನೂ 2.46 ಪಟ್ಟು, ಆಕ್ಸಲ್ 5.38 ಪಟ್ಟು. ಮೂರನ್ನೂ ಗುಣಿಸಿದರೆ 37. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಚಕ್ರ ಕೇವಲ 27 ಸುತ್ತು ತಿರುಗುತ್ತದೆ. ಗಾಡಿಯ ವೇಗ ಆಗ ಗಂಟೆಗೆ ಮೂರೂವರೆ ಕಿಲೋಮೀಟರ್, ಅಂದರೆ ಹೊರೆ ಹೊತ್ತ ಮನುಷ್ಯನ ನಡಿಗೆ. ಈ ನಿಧಾನವೇ ಜೀಪಿನ ನಿಜವಾದ ಶಕ್ತಿ. ನಡಿಗೆಯ ವೇಗದಲ್ಲಿ ಹತ್ತುವ ಚಕ್ರ ಮಣ್ಣನ್ನು ಹಿಡಿಯುತ್ತದೆ. ರಭಸದಿಂದ ತಿರುಗುವ ಚಕ್ರ ಮಣ್ಣನ್ನು ಕೊರೆದು ಎಸೆಯುತ್ತದೆ. ಆದರೆ ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿದರೆ ಟಯರು ಸವೆಯುತ್ತದೆ, ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ. ಅದು ಜಾರುವ ನೆಲಕ್ಕೆ ಮಾತ್ರ.

ಈಗಿನ ದಿನಗಳಲ್ಲಿ ಸುಧಾರಣೆ ಎಂದೊಡನೆ ನೆನಪಾಗುವುದು ದೊಡ್ಡ ಟಯರು, ಎತ್ತರಿಸಿದ ಸ್ಪ್ರಿಂಗು, ಸಾಲು ದೀಪ. ಟಯರಿನ ವ್ಯಾಸ ಹೆಚ್ಚಿದರೆ ಆ 37 ಪಟ್ಟಿನ ಲಾಭ ಕಡಿಮೆಯಾಗುತ್ತದೆ, ಬ್ರೇಕಿನ ಹಿಡಿತ ತಗ್ಗುತ್ತದೆ, ಆಕ್ಸಲ್ ತುಂಡಾಗುವ ಸಂಭವ ಹೆಚ್ಚುತ್ತದೆ. ಗಾಡಿ ಎತ್ತರವಾದಷ್ಟೂ ಅದರ ಗುರುತ್ವಕೇಂದ್ರ ಮೇಲೇರಿ ಓರೆ ನೆಲದಲ್ಲಿ ಮಗುಚುವ ಭಯ ಹೆಚ್ಚು. ಕಾನೂನೂ ಇದನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮನಬಂದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ತಯಾರಕರ ಮೂಲ ನಿರ್ದಿಷ್ಟತೆಯನ್ನು ಮೀರಿ ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವ ಮುನ್ನ ಸಾರಿಗೆ ಕಚೇರಿಯ ಅನುಮತಿ ಪಡೆಯಬೇಕು. ಖಾಸಗಿ ಗಾಡಿಯ ನೋಂದಣಿಯನ್ನು 15 ವರ್ಷಗಳ ಬಳಿಕ ತಪಾಸಣೆ ಮಾಡಿಸಿ ನವೀಕರಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದಾದರೂ, ಹಾಗೆ ಮಾಡಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಗೊಬ್ಬರ ಹೊರುವ ಜೀಪಿಗೆ ಆ ಗೌರವ ಬೇಡ.

ಕಡಿಮೆ ಖರ್ಚಿನ ನಿಜವಾದ ಸುಧಾರಣೆಗಳು ಬೇರೆಯೇ ಇವೆ. ಆಕ್ಸಲ್ ಹೌಸಿಂಗಿನ ಮೇಲೆ ಗಾಳಿಯಾಡುವ ಸಣ್ಣ ಕಿಂಡಿ ಇರುತ್ತದೆ. ಕಾದ ಆಕ್ಸಲ್ ಹಳ್ಳದ ನೀರಿಗಿಳಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಕಿಂಡಿಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆಯುತ್ತದೆ. ಆ ಕಿಂಡಿಗೆ ರಬ್ಬರ್ ಕೊಳವೆ ಜೋಡಿಸಿ ಎತ್ತರಕ್ಕೆ ಒಯ್ದು ಕಟ್ಟಿದರೆ ಅರ್ಧ ತೊಂದರೆ ನೀಗುತ್ತದೆ. ಒಳಗಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ; ಕೂಡಲೇ ಬದಲಿಸಬೇಕು. ಆಯಿಲ್ ಸೀಲುಗಳನ್ನು ಹೊಸದಾಗಿ ಹಾಕುವುದು ಗಾಡಿಗೆ ಎಷ್ಟು ಒಳ್ಳೆಯದೋ ಹಳ್ಳಕ್ಕೂ ಅಷ್ಟೇ ಒಳ್ಳೆಯದು. ವಿಂಚ್ ಇದ್ದರೆ ಅದರ ಉಕ್ಕಿನ ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತಬಾರದು. ತೊಗಟೆ ಸುತ್ತಲೂ ಕಿತ್ತುಹೋದರೆ ಎಲೆಯ ಆಹಾರ ಬೇರಿಗೆ ಇಳಿಯದೆ ಮರ ಒಣಗುತ್ತದೆ. ಅಗಲವಾದ ಪಟ್ಟಿಯನ್ನು ಬಳಸಬೇಕು.

ಎಲ್ಲಕ್ಕಿಂತ ಅಗ್ಗದ ಸುಧಾರಣೆ ಗಾಳಿಯ ಒತ್ತಡದ್ದು. ಟಯರು ನೆಲದ ಮೇಲೆ ಹಾಕುವ ಒತ್ತಡ ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಒಂದು ಚಕ್ರದ ಮೇಲೆ 300 ಕಿಲೋ ಭಾರವಿದ್ದು, 30 ಪೌಂಡ್ ಗಾಳಿಯಿದ್ದರೆ ಟಯರು ನೆಲ ಮುಟ್ಟುವುದು ಸುಮಾರು 142 ಚದರ ಸೆಂಟಿಮೀಟರಿನಷ್ಟು. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ 237ರಷ್ಟು. ಹಿಡಿತ ಹೆಚ್ಚುತ್ತದೆ, ಮಣ್ಣಿನ ಮೇಲಿನ ಒತ್ತಡ ತಗ್ಗುತ್ತದೆ. ಇದು ಮಣ್ಣಿನ ದಾರಿಗೆ, ನಿಧಾನ ಗತಿಗೆ ಮಾತ್ರ. ಟ್ಯೂಬ್ ಇರುವ ಟಯರಿನಲ್ಲಿ ಇದಕ್ಕಿಂತ ಇಳಿಸಿದರೆ ರಿಮ್ಮಿನ ಮೇಲೆ ಟಯರು ಜಾರಿ ಟ್ಯೂಬಿನ ಮೂತಿ ಕಿತ್ತುಬರಬಹುದು. ಡಾಂಬರು ರಸ್ತೆ ಮುಟ್ಟುವ ಮುನ್ನ ಮತ್ತೆ ಗಾಳಿ ತುಂಬಲೇಬೇಕು.

ಇಲ್ಲಿಂದ ಮುಂದೆ ಮಾತು ಗಾಡಿಯದಲ್ಲ, ಮಣ್ಣಿನದು. ಆರೋಗ್ಯವಂತ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ರಂಧ್ರಗಳೇ. ಮಳೆ ಇಂಗುವುದು, ಬೇರು ಉಸಿರಾಡುವುದು ಅವುಗಳ ಮೂಲಕ. ಒದ್ದೆ ಮಣ್ಣಿನ ಮೇಲೆ ಚಕ್ರ ಹರಿದರೆ ಮೊದಲು ಮುಚ್ಚುವುದು ನೀರಿಂಗಿಸುವ ದೊಡ್ಡ ರಂಧ್ರಗಳು. ಈ ಹಾನಿಯ ಹೆಚ್ಚಿನ ಪಾಲು ಮೊದಲ ಕೆಲವು ಓಡಾಟಗಳಲ್ಲೇ ಆಗಿಹೋಗುತ್ತದೆ. ಆದುದರಿಂದ ಹತ್ತು ದಾರಿಗಳಲ್ಲಿ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ದಾರಿಯಲ್ಲಿ ಹತ್ತು ಸಲ ಹೋಗುವುದು ಲೇಸು. ನೆಲ ಓಡಾಟಕ್ಕೆ ಯೋಗ್ಯವೇ ಎಂದು ತಿಳಿಯಲು ಯಂತ್ರ ಬೇಡ. ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಅದು ಮುರಿಯದೆ ಮೂರು ಮಿಲಿಮೀಟರ್ ದಪ್ಪದ ನೂಲಾದರೆ, ಆ ದಿನ ಅಲ್ಲಿ ಗಾಡಿ ಇಳಿಸಬಾರದು.

ಚಕ್ರದ ಗಾಡು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಎರಡು ಮೀಟರ್ ಅಗಲ, 500 ಮೀಟರ್ ಉದ್ದದ ದಾರಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರ್ ನೀರು. ಆಗುಂಬೆಯಂಥ ಊರಿನಲ್ಲಿ ಸರಾಸರಿ ವಾರ್ಷಿಕ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಇಂಗಲಾರದ ಆ ನೀರು ಗಾಡಿನಲ್ಲಿ ಇಳಿದು ತೋಟದ ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಮನೆಯ ಜೀಪು ದಾರಿಗೆ ಅಲ್ಲಲ್ಲಿ ಓರೆಯಾದ ಅಡ್ಡ ಚರಂಡಿ ತೋಡಿ, ನೀರನ್ನು ಗಿಡಗಂಟಿಗಳ ಕಡೆಗೆ ಹರಿಸುವುದು ಜೀಪು ಕಟ್ಟುವ ಕೆಲಸದ ಒಂದು ಭಾಗವೆಂದೇ ತಿಳಿಯಬೇಕು. ಬೆಟ್ಟದ ನೆತ್ತಿಯ ಹುಲ್ಲುಗಾವಲಿನ ಮಾತಂತೂ ಇನ್ನೂ ಸೂಕ್ಷ್ಮ. ಅಲ್ಲಿನ ತೆಳು ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ವಿನೋದಕ್ಕಾಗಿ ಅದರ ಮೇಲೆ ಚಕ್ರ ಹರಿಸಿದವರು ಒಂದು ಗಂಟೆಯಲ್ಲಿ ಹಿಂತಿರುಗುತ್ತಾರೆ. ಗಾಯ ವರ್ಷಗಟ್ಟಲೆ ಉಳಿಯುತ್ತದೆ. ಹಾಗೆಯೇ ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತುವ ದಿನಗಳಲ್ಲಿ ಹಳ್ಳದೊಳಗೆ ಗಾಡಿ ಇಳಿಸುವುದು, ತೊಳೆಯುವುದು ಸಲ್ಲದು.

ಕೊನೆಯದಾಗಿ ಕರಿ ಎಣ್ಣೆಯ ವಿಚಾರ. ಒಂದು ಜೀಪನ್ನು ಪೂರ್ತಿ ಬಿಚ್ಚಿದರೆ ಎಂಜಿನ್ನಿನಿಂದಲೇ ಸುಮಾರು ನಾಲ್ಕು ಲೀಟರ್ ಎಣ್ಣೆ ಹೊರಬರುತ್ತದೆ. ಗೇರ್‌ಬಾಕ್ಸ್, ಆಕ್ಸಲ್‌ಗಳದ್ದು ಬೇರೆ. ಗೆದ್ದಲಿಗೆಂದು ಅದನ್ನು ಬೇಲಿಗೂಟಕ್ಕೆ ಬಳಿಯುವುದು, ಬುಡಕ್ಕೆ ಸುರಿಯುವುದು ಹಲವು ಊರುಗಳ ರೂಢಿ. ಮಳೆಗೆ ಅದು ಹಳ್ಳ ಸೇರುತ್ತದೆ, ಬಾವಿಯನ್ನೂ ಮುಟ್ಟಬಹುದು. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಆಮ್ಲಜನಕ ಒಳಹೋಗದಂತೆ ತಡೆಯುತ್ತದೆ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಮರುಸಂಸ್ಕರಿಸುವ ಹೊಣೆಯನ್ನು ಎಣ್ಣೆ ತಯಾರಕರ ಮೇಲೆ ಹೊರಿಸುವ ಕೇಂದ್ರ ಸರಕಾರದ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಊರಿಗೊಂದು ಮುಚ್ಚಳವಿರುವ ಡ್ರಮ್ ಇಟ್ಟು, ತುಂಬಿದಾಗ ಅಧಿಕೃತ ಸಂಗ್ರಾಹಕರಿಗೆ ಕೊಡುವ ವ್ಯವಸ್ಥೆಯನ್ನು ಯುವಕ ಸಂಘಗಳು ಸುಲಭವಾಗಿ ಮಾಡಬಹುದು. ಹಳೆಯ ಬ್ಯಾಟರಿಯಲ್ಲಿ ಸೀಸವಿದೆ; ಅದನ್ನು ಹಿತ್ತಿಲಲ್ಲಿ ಒಡೆಯದೆ ಅಂಗಡಿಗೇ ಹಿಂತಿರುಗಿಸಬೇಕು.

ಹಳೆಯ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಗೆಯುಗುಳುತ್ತದೆ ಎಂಬುದು ಸತ್ಯ. ದಿನವೂ ಪೇಟೆಗೆ ಐವತ್ತು ಕಿಲೋಮೀಟರ್ ಓಡುವುದಕ್ಕೆ ಅದು ತಕ್ಕದ್ದಲ್ಲ. ಆದರೆ ಬಸ್ಸು ಬಾರದ ಮನೆಯಿಂದ ಡಾಂಬರು ರಸ್ತೆಯವರೆಗೆ ರೋಗಿಯನ್ನೋ ಮೂಟೆಯನ್ನೋ ಮುಟ್ಟಿಸಲು, ಇದ್ದ ಉಕ್ಕನ್ನೇ ಉಳಿಸಿಕೊಂಡು ದುಡಿಸುವುದು ವಿವೇಕದ ಕೆಲಸ. ಜೀಪು ಹತ್ತಬಲ್ಲದೆಂಬ ಕಾರಣಕ್ಕೆ ಪ್ರತಿ ಗುಡ್ಡವನ್ನೂ ಹತ್ತಿಸಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಕೊಟ್ಟಿಗೆಯ ಜೀಪನ್ನು ಹೊರತೆಗೆಯುವ ಹುಡುಗರು ಮೊದಲು ಬ್ರೇಕನ್ನು, ನಂತರ ಸೀಲುಗಳನ್ನು, ಜೊತೆಜೊತೆಗೆ ದಾರಿಯ ಚರಂಡಿಯನ್ನು ಸರಿಪಡಿಸಲಿ. ಬಣ್ಣ ಬಳಿಯಲು ಮುಂದಿನ ಬೇಸಿಗೆ ಇದ್ದೇ ಇದೆ.